ಪಾರ್ಶ್ವವಾಯು ರೋಗಿ ಆಸ್ಪತ್ರೆಯಲ್ಲಿ ಬೀಳದಂತೆ ಕಾಯುವುದು ಹೇಗೆ: ಜೊತೆಗಿರುವವರಿಗೆ ಸಮಗ್ರ ಮಾರ್ಗದರ್ಶಿ

ನವಲಗುಂದದಿಂದಲೋ ಶಿಗ್ಗಾವಿಯಿಂದಲೋ ರೋಣದಿಂದಲೋ ಲಕ್ವ ಹೊಡೆದವರನ್ನು ಹುಬ್ಬಳ್ಳಿಗೆ ತಂದು, ಸ್ಕ್ಯಾನ್ ಮುಗಿದು, ವಾರ್ಡಿನಲ್ಲಿ ಹಾಸಿಗೆ ಸಿಕ್ಕ ಮೇಲೆ ಮನೆಯವರಿಗೆ ಸ್ವಲ್ಪ ಸಮಾಧಾನವಾಗುತ್ತದೆ. ಇನ್ನು ವೈದ್ಯರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಬರುತ್ತದೆ. ಔಷಧದ ವಿಷಯದಲ್ಲಿ ಆ ನಂಬಿಕೆ ಸರಿ. ಆದರೆ ಅದೇ ವಾರ್ಡಿನಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ತಡೆಯುವುದರಲ್ಲಿ ಅರ್ಧ ಕೆಲಸ ಮನೆಯವರದ್ದು. ಅದು ರೋಗಿ ಬೀಳುವುದು. ಪಾರ್ಶ್ವವಾಯುವಿನ ನಂತರ ಆಸ್ಪತ್ರೆಯಲ್ಲಿ ಆಗುವ ತೊಂದರೆಗಳಲ್ಲಿ ಇದು ಬಹಳ ಸಾಮಾನ್ಯವಾದದ್ದು. ಒಮ್ಮೆ ಬಿದ್ದು ಸೊಂಟದ ಕೀಲು ಮುರಿದರೆ, ಕಷ್ಟಪಟ್ಟು ಮರಳುತ್ತಿದ್ದ ನಡಿಗೆ ತಿಂಗಳುಗಟ್ಟಲೆ ಹಿಂದಕ್ಕೆ ಹೋಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿರುವಾಗ ತಲೆಗೆ ಪೆಟ್ಟು ಬಿದ್ದರೆ ಜೀವಕ್ಕೇ ಕುತ್ತು.

ಇಂಥ ರೋಗಿಗಳನ್ನು ಎಬ್ಬಿಸಿ, ಕೂರಿಸಿ, ನಡೆಸುವ ಫಿಜಿಯೋಥೆರಪಿಯೇ ನನ್ನ ಕೆಲಸ. ರೋಗಿ ಬೀಳುವುದು ನಾವು ನಡೆಸುವಾಗ ಎಂದು ಜನ ತಿಳಿದಿದ್ದಾರೆ, ಅದು ಹಾಗಲ್ಲ. ಬೀಳುವುದು ಯಾರನ್ನೂ ಕರೆಯದೆ ತಾನೇ ಎದ್ದಾಗ. ಹಾಗೆ ಏಳುವುದಕ್ಕೆ ಕಾರಣ ಬಹುತೇಕ ಒಂದೇ, ಮೂತ್ರ ಅಥವಾ ಮಲ ವಿಸರ್ಜನೆಯ ಅವಸರ. ಆದ್ದರಿಂದ ಈ ಮಾರ್ಗದರ್ಶಿಯ ತಿರುಳು ಇಷ್ಟು: ರೋಗಿಗೆ ಏಳಬೇಕೆನಿಸುವ ಮೊದಲೇ ನೀವು ಅಲ್ಲಿರಬೇಕು. ಉಳಿದ ಹಂತಗಳೆಲ್ಲ ಅದಕ್ಕೆ ನೆರವಾಗುವಂಥವು.

ಹಂತ 1: ಮಿದುಳಿನ ಯಾವ ಭಾಗಕ್ಕೆ ಪೆಟ್ಟಾಗಿದೆ ಎಂದು ಕೇಳಿ ತಿಳಿಯಿರಿ

ವೈದ್ಯರು ರೌಂಡ್ಸ್‌ಗೆ ಬಂದಾಗ ಕೇಳಲೇಬೇಕಾದ ಪ್ರಶ್ನೆ ಇದು. ಮಿದುಳಿನ ಎಡಭಾಗಕ್ಕೆ ಪೆಟ್ಟಾದರೆ ಬಲಗೈ, ಬಲಗಾಲು ಸೋಲುತ್ತವೆ. ಜೊತೆಗೆ ಮಾತು ಹೋಗುವ ಸಂಭವ ಹೆಚ್ಚು. ಅಂಥ ರೋಗಿಗೆ ತನ್ನ ಸ್ಥಿತಿ ಗೊತ್ತಿರುತ್ತದೆ, ಆದರೆ ‘ನನ್ನನ್ನು ಎಬ್ಬಿಸಿ’ ಎಂದು ಕರೆಯಲು ಬಾಯಿ ಬರುವುದಿಲ್ಲ. ಕರೆಯಲಾಗದೆ ತಾನೇ ಪ್ರಯತ್ನಿಸುತ್ತಾನೆ.

ಬಲಭಾಗಕ್ಕೆ ಪೆಟ್ಟಾದರೆ ಎಡಗೈ, ಎಡಗಾಲು ಸೋಲುತ್ತವೆ. ಇಂಥವರು ಚೆನ್ನಾಗಿಯೇ ಮಾತನಾಡುತ್ತಾರೆ, ಬಂದವರ ಕುಶಲ ವಿಚಾರಿಸುತ್ತಾರೆ, ಹೊಲದ ಲೆಕ್ಕ ಹೇಳುತ್ತಾರೆ. ನೋಡಿದವರು ‘ಏನೂ ಆಗಿಲ್ಲ’ ಎನ್ನುತ್ತಾರೆ. ನನ್ನ ಮಟ್ಟಿಗೆ ಹೆಚ್ಚು ಭಯ ಇವರದ್ದೇ. ಇವರಲ್ಲಿ ಹಲವರಿಗೆ ತಮ್ಮ ಎಡಭಾಗವೇ ಇಲ್ಲವೆಂಬಂತೆ ಆಗಿರುತ್ತದೆ. ಎಡಕ್ಕೆ ಇಟ್ಟ ಲೋಟ ಕಾಣುವುದಿಲ್ಲ, ತಟ್ಟೆಯ ಎಡಬದಿಯ ಅನ್ನ ಹಾಗೇ ಉಳಿಯುತ್ತದೆ, ಎಡಗೈ ಗಾಲಿಕುರ್ಚಿಯ ಚಕ್ರಕ್ಕೆ ಸಿಕ್ಕಿಕೊಂಡರೂ ಅರಿವಾಗುವುದಿಲ್ಲ. ‘ಕಾಲು ಸರಿಯಾಗಿದೆ, ನಾನೇ ಹೋಗುತ್ತೇನೆ’ ಎಂದು ಅವರು ಹೇಳುವುದು ಹಟದಿಂದಲ್ಲ. ಕಾಲು ಸೋತಿದೆ ಎಂಬ ತಿಳಿವಳಿಕೆಯನ್ನೇ ರೋಗ ಕಸಿದುಕೊಂಡಿರುತ್ತದೆ. ಅವರಿಗೆ ಬುದ್ಧಿ ಹೇಳಿ ಫಲವಿಲ್ಲ, ಬೈದರಂತೂ ಏನೂ ಆಗದು. ಒಬ್ಬರು ಪಕ್ಕದಲ್ಲೇ ಇರುವುದೊಂದೇ ದಾರಿ.

ಇವಲ್ಲದೆ ಎರಡೂ ಕಣ್ಣಿನ ಒಂದು ಬದಿಯ ನೋಟ ಹೋಗಿರಬಹುದು, ಸಣ್ಣ ಮಿದುಳಿಗೆ ಪೆಟ್ಟಾಗಿದ್ದರೆ ಕೈಕಾಲಿಗೆ ಬಲವಿದ್ದೂ ಸಮತೋಲನ ಇಲ್ಲದಿರಬಹುದು. ಕೇಳಿ ತಿಳಿದದ್ದನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಸೋತ ಬದಿ ಯಾವುದು, ಕಾಣದ ಬದಿ ಯಾವುದು, ಮಾತು ಅರ್ಥವಾಗುತ್ತದೆಯೇ, ಎಷ್ಟು ಜನ ಹಿಡಿದು ಎಬ್ಬಿಸಬೇಕು. ಈ ಚೀಟಿ ಮುಂದೆ ಕೆಲಸಕ್ಕೆ ಬರುತ್ತದೆ.

ಹಂತ 2: ಅಪಾಯದ ಅಂಕ ಎಷ್ಟೆಂದು ಸಿಸ್ಟರ್ ಬಳಿ ವಿಚಾರಿಸಿ

ಅನೇಕ ಆಸ್ಪತ್ರೆಗಳಲ್ಲಿ ರೋಗಿ ಸೇರಿದ ದಿನವೇ ಬೀಳುವ ಅಪಾಯವನ್ನು ಅಂಕಗಳಲ್ಲಿ ಅಳೆಯುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಮೋರ್ಸ್ ಮಾಪನ. ಅದರಲ್ಲಿ ಈ ಹಿಂದೆ ಬಿದ್ದಿದ್ದರೆ 25, ಒಂದಕ್ಕಿಂತ ಹೆಚ್ಚು ಕಾಯಿಲೆ ಇದ್ದರೆ 15, ಕೈಗೆ ಸಲೈನ್ ಸೂಜಿ ಇದ್ದರೆ 20, ನಡಿಗೆ ತೀರಾ ತಡವರಿಸುವಂತಿದ್ದರೆ 20, ಮಂಚ ಕುರ್ಚಿಗಳನ್ನು ಹಿಡಿದು ನಡೆಯುತ್ತಿದ್ದರೆ 30, ತನ್ನ ಮಿತಿ ಮರೆಯುವವರಾದರೆ 15. ಒಟ್ಟು 45 ಮತ್ತು ಅದಕ್ಕಿಂತ ಹೆಚ್ಚಾದರೆ ಅಪಾಯ ಹೆಚ್ಚೆಂದು ಸಾಮಾನ್ಯವಾಗಿ ಎಣಿಸುತ್ತಾರೆ.

ಈಗ ನಿಮ್ಮ ರೋಗಿಯ ಲೆಕ್ಕ ಹಾಕಿ ನೋಡಿ. ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಜೊತೆಗಿದೆ, ಸಲೈನ್ ಸೂಜಿ ಇದೆ, ಎದ್ದರೆ ಕಾಲು ಎಳೆಯುತ್ತಾರೆ. ಅಲ್ಲಿಗೇ 55 ಆಯಿತು. ಅಂದರೆ ಎದ್ದು ಓಡಾಡಲು ಶುರುಮಾಡಿದ ಬಹುಪಾಲು ಪಾರ್ಶ್ವವಾಯು ರೋಗಿಗಳು ಅಪಾಯದ ಪಟ್ಟಿಯಲ್ಲೇ ಇರುತ್ತಾರೆ. ಅಂಕ ಕೇಳಿ ಎಂದದ್ದು ಅದಕ್ಕಾಗಿಯೇ. ಕೇಳಿದರೆ ಸಿಸ್ಟರ್ ಜೊತೆ ಮಾತು ಆರಂಭವಾಗುತ್ತದೆ, ಇವರ ಮನೆಯವರು ಎಚ್ಚರವಾಗಿದ್ದಾರೆ ಎಂದು ಅವರಿಗೂ ಗೊತ್ತಾಗುತ್ತದೆ.

ಹಂತ 3: ಮಂಚದ ಸುತ್ತಲಿನ ಜಾಗವನ್ನು ತೆರವು ಮಾಡಿ

ನಮ್ಮ ಕಡೆಯ ವಾರ್ಡುಗಳ ಮಂಚದ ಸುತ್ತ ಏನೇನಿರುತ್ತದೆ ಎಂದು ಒಮ್ಮೆ ಬಗ್ಗಿ ನೋಡಿ. ರೊಟ್ಟಿಯ ಬುತ್ತಿ ಗಂಟು, ನೀರಿನ ಕ್ಯಾನು, ಸುತ್ತಿಟ್ಟ ಚಾಪೆ, ಬಂದುಹೋದವರು ತಂದ ಎಳನೀರು, ಮೊಬೈಲ್ ಚಾರ್ಜರಿನ ತಂತಿ, ನಾಲ್ಕು ಜೊತೆ ಚಪ್ಪಲಿ. ರಾತ್ರಿಯಾದರೆ ಅಲ್ಲೇ ನೆಲದ ಮೇಲೆ ಮಗನೋ ಸೊಸೆಯೋ ಮಲಗಿರುತ್ತಾರೆ. ಕಾಲೆತ್ತಿ ಇಡಲಾಗದ ರೋಗಿಗೆ ಇವು ಒಂದೊಂದೂ ಅಡ್ಡಿಯೇ.

ರೋಗಿ ಸಾಮಾನ್ಯವಾಗಿ ಬಲವಿರುವ ಬದಿಯಿಂದ ಇಳಿಯಲು ನೋಡುತ್ತಾನೆ. ಆ ಬದಿ ಪೂರ್ತಿ ಖಾಲಿ ಇರಲಿ. ಸಾಮಾನೆಲ್ಲ ಇನ್ನೊಂದು ಬದಿಗೆ, ಗೋಡೆಗೆ ಒತ್ತಿಕೊಂಡಿರಲಿ. ಆದರೆ ಕರೆಗಂಟೆ, ಕುಡಿಯುವ ನೀರು, ಕನ್ನಡಕ, ಮೂತ್ರದ ಪಾಟ್ ಈ ನಾಲ್ಕೂ ಬಲವಿರುವ ಕೈಗೆ ಎಟುಕುವಂತಿರಬೇಕು. (ನೀರು ಇಡುವ ಮುನ್ನ ನುಂಗುವ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಲಕ್ವದಲ್ಲಿ ನೀರು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.) ಕರೆಗಂಟೆ ಇಲ್ಲದ ವಾರ್ಡಾದರೆ ಪೂಜೆಯ ಗಂಟೆಯೊಂದನ್ನು ದಿಂಬಿನ ಪಕ್ಕ ಇಡಿ. ಮಾತು ಹೋದವರಿಗೆ ಇದರಷ್ಟು ದೊಡ್ಡ ಉಪಕಾರ ಇನ್ನೊಂದಿಲ್ಲ. ಜೊತೆಗೆ ಒಂದು ರಟ್ಟಿನ ಮೇಲೆ ಶೌಚ, ನೀರು, ನೋವು, ಚಳಿ ಇವುಗಳ ಚಿತ್ರ ಬರೆದು ಕೊಟ್ಟರೆ ಬೆರಳಿಟ್ಟು ತೋರಿಸುತ್ತಾರೆ.

ನೀವು ನೆಲದ ಮೇಲೆ ಮಲಗುವುದಾದರೆ ರೋಗಿ ಇಳಿಯುವ ಬದಿಯಲ್ಲಿ ಮಂಚಕ್ಕೆ ತಾಗಿ ಮಲಗಬೇಡಿ. ನಿಮ್ಮನ್ನು ತುಳಿಯಬಾರದೆಂದು ಕಾಲು ಸರಿಸಿಯೇ ಬೀಳುತ್ತಾರೆ. ತುಸು ದೂರದಲ್ಲಿ, ಅವರ ಅಲುಗಾಟ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಮಲಗಿ.

ಇನ್ನು ಮಂಚ. ಎತ್ತರ ತಗ್ಗಿಸಬಲ್ಲ ಮಂಚವಾದರೆ ಮಲಗಿರುವಾಗ ಅತಿ ತಗ್ಗಿನ ಮಟ್ಟದಲ್ಲಿರಲಿ, ಚಕ್ರಗಳ ಬ್ರೇಕ್ ಹಾಕಿರಲಿ. ಹಳೆಯ ಕಬ್ಬಿಣದ ಮಂಚಗಳ ಎತ್ತರ ಬದಲಾಗದು, ಹತ್ತಲು ಕಬ್ಬಿಣದ ಮೆಟ್ಟಿಲು ಕೊಟ್ಟಿರುತ್ತಾರೆ. ಆ ಮೆಟ್ಟಿಲನ್ನು ಬಳಸಿದ ಕೂಡಲೇ ಮಂಚದ ಅಡಿಗೆ ದೂಡಿ. ಅದು ಕಣ್ಣಿಗೆ ಕಂಡರೆ ರೋಗಿ ಅದರ ಮೇಲೆ ಕಾಲಿಡುತ್ತಾನೆ, ಸೋತ ಕಾಲು ಅಂಚಿನಿಂದ ಜಾರುತ್ತದೆ.

ಮಂಚದ ಪಕ್ಕದ ಸರಳುಗಳ ಬಗ್ಗೆ ಮನೆಯವರಿಗೆ ವಿಪರೀತ ನಂಬಿಕೆ. ಎರಡೂ ಬದಿ ಎತ್ತಿಬಿಟ್ಟರೆ ನಿಶ್ಚಿಂತೆ ಎಂದುಕೊಳ್ಳುತ್ತಾರೆ. ನಿದ್ದೆಯಲ್ಲಿ ಹೊರಳಿ ಬೀಳುವವರಿಗೆ ಸರಳು ಸರಿ. ಆದರೆ ಗಲಿಬಿಲಿಗೊಂಡ, ಕಾಲಿನಲ್ಲಿ ಸ್ವಲ್ಪ ಶಕ್ತಿ ಇರುವ ರೋಗಿ ಸರಳನ್ನೇ ಹತ್ತಿ ದಾಟಲು ನೋಡುತ್ತಾನೆ, ಆಗ ಬೀಳುವ ಎತ್ತರ ಇನ್ನೂ ಹೆಚ್ಚುತ್ತದೆ. ಸರಳುಗಳ ಸಂದಿಯಲ್ಲಿ ಕೈಕಾಲು ಸಿಕ್ಕಿಕೊಳ್ಳುವುದೂ ಉಂಟು. ಯಾವ ರೋಗಿಗೆ ಎಷ್ಟು ಎತ್ತಬೇಕೆಂಬುದನ್ನು ಸಿಸ್ಟರ್ ನಿರ್ಧರಿಸಲಿ. ಟವೆಲಿನಿಂದಲೋ ಸೀರೆಯ ಸೆರಗಿನಿಂದಲೋ ಕೈಯನ್ನು ಮಂಚಕ್ಕೆ ಕಟ್ಟುವುದನ್ನಂತೂ ದಯವಿಟ್ಟು ಮಾಡಬೇಡಿ. ಕಟ್ಟಿದ ಮನುಷ್ಯ ಬಿಡಿಸಿಕೊಳ್ಳಲು ಒದ್ದಾಡುತ್ತಾನೆ, ಒದ್ದಾಡಿದಷ್ಟೂ ಪೆಟ್ಟಾಗುತ್ತದೆ, ಗಲಿಬಿಲಿ ಹೆಚ್ಚುತ್ತದೆ.

ಹಂತ 4: ಉಡುಪು, ಚಪ್ಪಲಿ, ಕನ್ನಡಕ

ಹವಾಯಿ ಚಪ್ಪಲಿ ಬೇಡ. ಸೋತ ಕಾಲಿನ ಬೆರಳುಗಳಿಗೆ ಅದರ ಪಟ್ಟಿಯನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ, ಅಡಿ ಜಾರದ, ಹಗುರ ಪಾದರಕ್ಷೆ ತನ್ನಿ. ಬರೀ ಕಾಲುಚೀಲ ಹಾಕಿ ನುಣುಪು ನೆಲದ ಮೇಲೆ ನಿಲ್ಲಿಸಲೇಬಾರದು. ಪಂಚೆ, ಲುಂಗಿ ಬಿಚ್ಚಿ ಕಾಲಿಗೆ ತೊಡರುತ್ತವೆ, ಸೊಂಟಕ್ಕೆ ಇಲಾಸ್ಟಿಕ್ ಇರುವ ಪೈಜಾಮ ಒಳ್ಳೆಯದು. ಹೆಂಗಸರ ನೈಟಿ ನೆಲಕ್ಕೆ ತಾಗದಂತೆ ಗಿಣ್ಣಿನ ಮೇಲಕ್ಕೆ ಮಡಿಚಿ ಹೊಲಿಯಿರಿ.

ಗಾಬರಿಯಲ್ಲಿ ಹೊರಟು ಬಂದಿರುವುದರಿಂದ ಕನ್ನಡಕ, ಕಿವಿಯ ಯಂತ್ರ ಊರಿನಲ್ಲೇ ಉಳಿದಿರುತ್ತವೆ. ಮರುದಿನ ವಾಯವ್ಯ ಸಾರಿಗೆ ಬಸ್ಸಿನಲ್ಲಿ ಬರುವವರಿಗೆ ಹಣ್ಣು ತರುವ ಬದಲು ಅವನ್ನು ತರಲು ಹೇಳಿ.

ಹಂತ 5: ಅವಸರವಾಗುವ ಮೊದಲೇ ಶೌಚಕ್ಕೆ ಕೇಳಿ

ಮೇಲಿನ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ. ಪಾರ್ಶ್ವವಾಯುವಿನ ನಂತರ ಮೂತ್ರಕೋಶದ ಮೇಲಿನ ಹಿಡಿತ ಕಡಿಮೆಯಾಗುತ್ತದೆ. ಬಂತೆಂದರೆ ತಡೆಯಲಾಗದು. ಕ್ಯಾತೆಟರ್ (ಮೂತ್ರ ಹೋಗಲು ಹಾಕಿದ ನಳಿಕೆ) ತೆಗೆದ ನಂತರದ ದಿನಗಳಲ್ಲಿ ಇದು ಇನ್ನೂ ಹೆಚ್ಚು, ಸೋಂಕು ಇದ್ದರಂತೂ ಹೇಳಲೇಬೇಕಿಲ್ಲ.

ಇದರ ಮೇಲೆ ಸಂಕೋಚ. ಇಡೀ ಆಯುಷ್ಯ ಹೊಲದಲ್ಲಿ ದುಡಿದು, ಹತ್ತು ಜನಕ್ಕೆ ಹೇಳುವ ಸ್ಥಾನದಲ್ಲಿದ್ದ ಯಜಮಾನರು ‘ಮೂತ್ರ ಬಂದಿದೆ’ ಎಂದು ಸೊಸೆಗೆ ಹೇಗೆ ಹೇಳಿಯಾರು? ತಾಯಿಯಾದವಳು ಬೆಳೆದ ಮಗನೆದುರು ಹೇಗೆ ಕೇಳಿಯಾಳು? ದಣಿದು ಮಲಗಿದ ಮಗನನ್ನು ಎಬ್ಬಿಸುವುದೇಕೆ ಎಂಬ ಮರುಕವೂ ಸೇರುತ್ತದೆ. ರಾತ್ರಿ ಮೂರು ಗಂಟೆಗೆ ಸದ್ದಾಗದಂತೆ ಹೊದಿಕೆ ಸರಿಸಿ, ಒಳ್ಳೆಯ ಕೈಯಿಂದ ಸರಳು ಹಿಡಿದು ಏಳುತ್ತಾರೆ. ಬೀಳುವುದು ಆಗಲೇ.

ಹಗಲಿನಲ್ಲಿ ಎರಡು ಗಂಟೆಗೊಮ್ಮೆ ನೀವೇ ಕೇಳಿ. ಊಟವಾದ ಮೇಲೆ, ಮಲಗುವ ಮುನ್ನ, ಬೆಳಿಗ್ಗೆ ಎದ್ದ ಕೂಡಲೇ ತಪ್ಪದೆ ಮಾಡಿಸಿ. ರಾತ್ರಿ ಮೊಬೈಲಿನಲ್ಲಿ ಅಲಾರಾಂ ಇಟ್ಟು ಒಮ್ಮೆಯಾದರೂ ಎಬ್ಬಿಸಿ ಕೇಳಿ. ಕೇಳುವ ರೀತಿಯೂ ಮುಖ್ಯ. ‘ಬಂದಿದೆಯೇ?’ ಎಂದರೆ ಸಂಕೋಚಕ್ಕೆ ‘ಇಲ್ಲ’ ಎನ್ನುತ್ತಾರೆ. ‘ಅಪ್ಪಾ, ಸಮಯವಾಯಿತು, ಪಾಟ್ ಇಡುತ್ತೇನೆ, ಒಮ್ಮೆ ಹೋಗಿಬಿಡಿ’ ಎಂದರೆ ಒಪ್ಪುತ್ತಾರೆ. ಗಂಡಸರ ಪಾಳಿಗೆ ಗಂಡಸು, ಹೆಂಗಸರ ಪಾಳಿಗೆ ಹೆಂಗಸು ಇದ್ದರೆ ಅರ್ಧ ಸಂಕೋಚ ತಾನಾಗಿ ಹೋಗುತ್ತದೆ. ಅದಾಗದಿದ್ದರೆ ವಾರ್ಡಿನ ಆಯಾ ಅಥವಾ ವಾರ್ಡ್ ಬಾಯ್ ನೆರವು ಕೇಳಲು ನಾಚಬೇಡಿ. ಪರದೆ ಎಳೆಯಿರಿ, ಪರದೆ ಇಲ್ಲದಿದ್ದರೆ ಒಂದು ಚಾದರ ಹಿಡಿಯಿರಿ. ಮರ್ಯಾದೆ ಉಳಿಯುತ್ತದೆ ಎಂಬ ಭರವಸೆ ಸಿಕ್ಕ ಮೇಲೆ ಅವರೇ ಕರೆಯಲು ಆರಂಭಿಸುತ್ತಾರೆ.

ಶೌಚಾಲಯಕ್ಕೆ ಕರೆದೊಯ್ಯುವ ಹಂತ ಬಂದಾಗ ಕೆಳಗೆ ಕುಕ್ಕರುಗಾಲಿನಲ್ಲಿ ಕೂರುವ ಶೌಚ ಬೇಡವೇ ಬೇಡ. ಕಮೋಡ್ ಅಥವಾ ಕಮೋಡ್ ಕುರ್ಚಿಯೇ ಆಗಬೇಕು. ನೆಲ ಒದ್ದೆಯಾಗಿದ್ದರೆ, ಈಗಷ್ಟೇ ಫಿನೈಲ್ ಹಾಕಿ ಒರೆಸಿದ್ದರೆ, ಒಣಗುವವರೆಗೆ ಪಾಟ್ ಕೊಡಿ. ಒಳಗೆ ಕೂರಿಸಿ ‘ಆದ ಮೇಲೆ ಕರೆಯಿರಿ’ ಎಂದು ಹೊರಗೆ ಬರಬೇಡಿ. ಬೆನ್ನು ತಿರುಗಿಸಿ ನಿಂತರೂ ಸರಿ, ಕೈಗೆ ಎಟುಕುವ ದೂರದಲ್ಲಿರಿ. ಒಳಗಿನಿಂದ ಚಿಲಕ ಹಾಕಿಸಬೇಡಿ.

ಹಂತ 6: ಎಬ್ಬಿಸುವ ಕ್ರಮ ಕಲಿಯಿರಿ

ಮೊದಲ 24 ಗಂಟೆಯಲ್ಲಿ ವೈದ್ಯರು ಹೇಳದೆ ಎಬ್ಬಿಸಬೇಡಿ. ಆದಷ್ಟು ಬೇಗ, ಆದಷ್ಟು ಹೆಚ್ಚು ಹೊತ್ತು ಎಬ್ಬಿಸಿದರೆ ಬೇಗ ಗುಣವಾಗುತ್ತದೆ ಎಂಬ ಎಣಿಕೆ ಹಿಂದೆ ಇತ್ತು. 5 ದೇಶಗಳ 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅವರ್ಟ್ ಅಧ್ಯಯನ ಅದನ್ನು ಬದಲಿಸಿತು. ಮೊದಲ ದಿನವೇ ಪದೇ ಪದೇ ಎಬ್ಬಿಸಿದವರ ಚೇತರಿಕೆ ಸ್ವಲ್ಪ ಹಿಂದೆಯೇ ಬಿತ್ತು. ಹಾಗೆಂದು ವಾರಗಟ್ಟಲೆ ಮಲಗಿಸಿಡುವುದೂ ತಪ್ಪು. ಬೀಳುವ ಭಯಕ್ಕೆ ಮಲಗಿಸಿಯೇ ಇಟ್ಟರೆ ಇದ್ದ ಬಲವೂ ಹೋಗುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ, ಕೊನೆಗೆ ಎದ್ದ ದಿನ ಬೀಳುವ ಸಂಭವ ಇನ್ನೂ ಹೆಚ್ಚು.

ಅನುಮತಿ ಸಿಕ್ಕ ಮೇಲೆ ಹೀಗೆ ಮಾಡಿ. ಮೊದಲು ಮಂಚದ ತಲೆಯ ಭಾಗ ಎತ್ತಿ ಕೆಲವು ನಿಮಿಷ ಒರಗಿಸಿ. ನಂತರ ಕಾಲು ಕೆಳಗಿಳಿಸಿ, ಎರಡೂ ಪಾದ ನೆಲಕ್ಕೆ ಊರುವಂತೆ ಅಂಚಿನಲ್ಲಿ ಕೂರಿಸಿ ಎರಡು ಮೂರು ನಿಮಿಷ ಕಾಯಿರಿ. ತಲೆ ತಿರುಗುತ್ತಿದೆಯೇ, ಕಣ್ಣು ಮಂಜಾಗುತ್ತಿದೆಯೇ ಎಂದು ಕೇಳಿ, ಮುಖ ಬಿಳಿಚಿದೆಯೇ ನೋಡಿ. ಎದ್ದು ನಿಂತ 3 ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಅದು ಎಚ್ಚರಿಕೆಯ ಗುರುತು. ತಲೆ ತಿರುಗುತ್ತದೆ ಎಂದರೆ ಮಲಗಿಸಿ, ಸಿಸ್ಟರ್‌ಗೆ ಹೇಳಿ ಮಲಗಿದ್ದಾಗಿನದ್ದನ್ನೂ ನಿಂತಾಗಿನದ್ದನ್ನೂ ಅಳೆಸಿ.

ಗಾಲಿಕುರ್ಚಿಯನ್ನು ರೋಗಿಯ ಬಲವಿರುವ ಬದಿಗೆ, ಮಂಚಕ್ಕೆ ಓರೆಯಾಗಿ ಇಡಿ. ಎರಡೂ ಬ್ರೇಕ್ ಹಾಕಿ, ಪಾದ ಇಡುವ ಹಲಗೆಗಳನ್ನು ಮೇಲಕ್ಕೆ ಮಡಿಚಿ. ರೋಗಿಯ ಪೃಷ್ಠವನ್ನು ಮಂಚದ ಅಂಚಿಗೆ ಸರಿಸಿ, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ತನ್ನಿ. ನೀವು ಎದುರು ನಿಂತು, ನಿಮ್ಮ ಮಂಡಿಗಳಿಂದ ಅವರ ಸೋತ ಮಂಡಿಗೆ ಆಧಾರ ಕೊಡಿ. ಹಿಡಿತ ಸೊಂಟದಲ್ಲಿರಲಿ. ಅಗಲವಾದ ಬೆಲ್ಟ್ ಕಟ್ಟಿದರೆ ಹಿಡಿಯಲು ಅನುಕೂಲ. ‘ಮೂಗು ಪಾದದ ಬೆರಳಿನ ಮೇಲೆ ಬರುವಷ್ಟು ಮುಂದಕ್ಕೆ ಬಾಗಿ’ ಎನ್ನಿ. ಒಂದು, ಎರಡು, ಮೂರು ಎಣಿಸಿ ಒಟ್ಟಿಗೆ ಏಳಿ. ನಿಂತ ಮೇಲೆ ಗಳಿಗೆ ತಡೆದು, ಸಣ್ಣ ಹೆಜ್ಜೆಗಳಲ್ಲಿ ತಿರುಗಿಸಿ, ಕುರ್ಚಿಯ ಅಂಚು ಮಂಡಿಯ ಹಿಂಭಾಗಕ್ಕೆ ತಾಗಿದ ಮೇಲೆಯೇ ಕೂರಿಸಿ.

ಸೋತ ಕೈಯನ್ನು ಹಿಡಿದು ಎಳೆಯಬೇಡಿ, ಕಂಕುಳಕ್ಕೆ ಕೈ ಹಾಕಿ ಎತ್ತಬೇಡಿ. ಭುಜವನ್ನು ಹಿಡಿದಿಡುವ ಸ್ನಾಯುಗಳು ಸೋತಿರುವುದರಿಂದ ಕೀಲು ಜಗ್ಗಿ ಇಳಿಯುತ್ತದೆ. ಆ ನೋವು ತಿಂಗಳುಗಟ್ಟಲೆ ಬಿಡದು. ಊರಿನಿಂದ ಬಂದ ಗಟ್ಟಿಮುಟ್ಟಾದ ಬಂಧುಗಳು ಪ್ರೀತಿಯಿಂದಲೇ ಇದನ್ನು ಮಾಡುತ್ತಾರೆ, ಅವರಿಗೆ ಮೊದಲೇ ಹೇಳಿಡಿ.

ನಡೆಸುವಾಗ ಸೋತ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ಇರಿ. ಕೋಲು ಬಲವಿರುವ ಕೈಯಲ್ಲಿರಲಿ. ನಡೆಯುವಾಗ ಮಾತನಾಡಿಸಬೇಡಿ, ಮೊಬೈಲ್ ಕೊಡಬೇಡಿ. ಮಾತಿಗೆ ಗಮನ ಹೋದರೆ ಕಾಲು ನಿಲ್ಲುತ್ತದೆ. ಕೆಲವು ರೋಗಿಗಳು ಒಳ್ಳೆಯ ಕೈಕಾಲಿನಿಂದ ತಮ್ಮನ್ನೇ ಸೋತ ಬದಿಗೆ ತಳ್ಳಿಕೊಳ್ಳುತ್ತಾರೆ, ಸರಿಪಡಿಸಲು ಹೋದರೆ ಇನ್ನೂ ಜೋರಾಗಿ ತಳ್ಳುತ್ತಾರೆ. ಅಂಥವರನ್ನು ಒಬ್ಬರೇ ಎಬ್ಬಿಸುವ ಸಾಹಸ ಬೇಡ.

ಹಂತ 7: ಮಾತ್ರೆಗಳ ವೇಳೆ ತಿಳಿಯಿರಿ

ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ರಕ್ತದೊತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಇನ್ಸುಲಿನ್ ಇವು ಯಾವ ಹೊತ್ತಿಗೆ ಎಂದು ಬರೆದಿಟ್ಟುಕೊಳ್ಳಿ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬೆಳಿಗ್ಗೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಇನ್ಸುಲಿನ್ ಕೊಟ್ಟು ಊಟ ತಡವಾದರೆ ಸಕ್ಕರೆ ಇಳಿದು ಕಾಲು ನಡುಗುತ್ತದೆ. ಊರಿನಿಂದ ತಂದ ಹಳೆಯ ಮಾತ್ರೆಗಳನ್ನು ಕೇಳದೆ ಕೊಡಬೇಡಿ.

ಹಂತ 8: ಪಾಳಿ ಬದಲಿಸುವಾಗ ಹೇಳಿ ಹೋಗಿ

ಬೆಳಿಗ್ಗೆ ದೊಡ್ಡ ಮಗ ಕೆಲಸಕ್ಕೆ ಹೊರಡುತ್ತಾನೆ, ಕುಂದಗೋಳದಿಂದ ಕಾಕಾ ಬಂದು ಕೂರುತ್ತಾರೆ. ಅವರಿಗೆ ಯಾವ ಬದಿ ಸೋತಿದೆ ಎಂಬುದೂ ಗೊತ್ತಿರುವುದಿಲ್ಲ. ‘ಶೌಚಕ್ಕೆ ಹೋಗಬೇಕು’ ಎಂದ ಅಣ್ಣನ ಕೈ ಹಿಡಿದು ಎಬ್ಬಿಸಿಬಿಡುತ್ತಾರೆ. ಮೊದಲ ಹಂತದಲ್ಲಿ ಬರೆದ ಚೀಟಿ ಬೇಕಾಗುವುದು ಇಲ್ಲಿ. ಹೊಸಬರ ಕೈಗೆ ಚೀಟಿ ಕೊಟ್ಟು, ಕೊನೆಯ ಬಾರಿ ಮೂತ್ರ ಮಾಡಿದ್ದು ಎಷ್ಟು ಗಂಟೆಗೆ ಎಂದು ಹೇಳಿಯೇ ಹೊರಡಿ. ಚಹಾಕ್ಕೆ ಅಥವಾ ಔಷಧ ತರಲು ಹತ್ತು ನಿಮಿಷ ಹೋಗುವುದಾದರೂ ಪಕ್ಕದ ಮಂಚದವರಿಗೆ, ಸಿಸ್ಟರ್‌ಗೆ ಹೇಳಿ ಹೋಗಿ. ಒಬ್ಬರೇ ಹಗಲೂ ರಾತ್ರಿ ಕೂರಬೇಡಿ. ಎರಡು ರಾತ್ರಿ ನಿದ್ದೆಗೆಟ್ಟವರಿಗೆ ಮೂರನೆಯ ರಾತ್ರಿ ಗಂಟೆಯ ಸದ್ದೂ ಕೇಳುವುದಿಲ್ಲ.

ಇನ್ನೊಂದು ಮಾತು. ರೋಗಿ ಸುಧಾರಿಸುತ್ತಿದ್ದಂತೆ ಮನೆಯವರ ಕಾವಲು ಸಡಿಲವಾಗುತ್ತದೆ. ಆಗಬೇಕಾದದ್ದು ಇದರ ತದ್ವಿರುದ್ಧ. ಅಲುಗಾಡಲಾಗದೆ ಮಲಗಿದವರು ಎದ್ದು ಬೀಳುವುದು ಅಪರೂಪ. ಕಾಲಿಗೆ ಸ್ವಲ್ಪ ಬಲ ಬಂದು, ಸಮತೋಲನ ಇನ್ನೂ ಬಾರದ ದಿನಗಳಲ್ಲೇ ‘ನಾನೇ ಹೋಗಬಲ್ಲೆ’ ಎಂಬ ಧೈರ್ಯ ಬರುತ್ತದೆ. ವೈದ್ಯರು ‘ಚೆನ್ನಾಗಿ ಸುಧಾರಿಸಿದ್ದಾರೆ’ ಎಂದ ದಿನದಿಂದ ಇನ್ನೊಂದು ವಾರ ಅವರ ಮೇಲಿನ ಕಣ್ಣು ಕೀಳಬೇಡಿ.

ಹಂತ 9: ಬಿದ್ದರೆ ಏನು ಮಾಡಬೇಕು

ಕೂಡಲೇ ಎತ್ತಬೇಡಿ. ನಾಲ್ಕು ಜನ ಸೇರಿ ಕೈಕಾಲು ಹಿಡಿದು ಮಂಚಕ್ಕೆ ಏರಿಸುವುದೇ ಎಲ್ಲರಿಗೂ ಮೊದಲು ತೋಚುವುದು, ಆದರೆ ಮುರಿದ ಮೂಳೆ ಅದರಿಂದ ಇನ್ನಷ್ಟು ಸರಿಯುತ್ತದೆ. ಕೂಗಿ ಸಿಸ್ಟರ್‌ರನ್ನು ಕರೆಯಿರಿ, ರೋಗಿಯನ್ನು ಇದ್ದಲ್ಲೇ ಇರಿಸಿ, ಮಾತನಾಡಿಸಿ. ತಲೆಗೆ ಪೆಟ್ಟಾಗಿದೆಯೇ, ಕುತ್ತಿಗೆ ನೋವಿದೆಯೇ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದೆಯೇ ನೋಡಿ. ಕಾಲು ಹಾಗಿದ್ದರೆ ಸೊಂಟದ ಕೀಲು ಮುರಿದಿರುವ ಶಂಕೆ. ಸೋತ ಬದಿಯ ಮೂಳೆ ಬೇಗ ಸವೆಯುವುದರಿಂದ ಮುರಿಯುವುದೂ ಹೆಚ್ಚಾಗಿ ಅದೇ ಬದಿ. ಸ್ಪರ್ಶಜ್ಞಾನ ಹೋಗಿದ್ದರೆ ನೋವಿಲ್ಲ ಎಂದೇ ಹೇಳಬಹುದು, ಆ ಮಾತನ್ನು ನಂಬಿ ಬಿಡಬೇಡಿ.

ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಹೆಪಾರಿನ್, ವಾರ್ಫರಿನ್ ಇವುಗಳಲ್ಲಿ ಯಾವುದು ನಡೆಯುತ್ತಿದೆ ಎಂದು ಬಂದ ವೈದ್ಯರಿಗೆ ನೆನಪಿಸಿ. ತಲೆಗೆ ಪೆಟ್ಟಾಗಿದ್ದರೆ ಮತ್ತೆ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ಕೇಳಿ. ರಕ್ತದೊತ್ತಡ, ಸಕ್ಕರೆ ಅಳೆಸಿ. ಬಿದ್ದದ್ದರಿಂದ ಪೆಟ್ಟಾಯಿತೋ, ಮತ್ತೊಂದು ಲಕ್ವ ಹೊಡೆದು ಬಿದ್ದರೋ ಎಂಬುದನ್ನು ವೈದ್ಯರು ನೋಡಬೇಕಾಗುತ್ತದೆ. ಮುಂದಿನ 48 ಗಂಟೆ ವಾಂತಿ, ಹೆಚ್ಚುವ ತಲೆನೋವು, ಮಂಪರು, ಹೊಸದಾಗಿ ಮಾತು ತೊದಲುವುದು ಕಂಡರೆ ರಾತ್ರಿಯಾದರೂ ಹೇಳಿ. ಬೈಯುತ್ತಾರೆಂಬ ಹೆದರಿಕೆಗೆ ಬಿದ್ದ ವಿಷಯ ಮುಚ್ಚಿಡುವ ಮನೆಯವರಿದ್ದಾರೆ. ಆ ಮುಚ್ಚುಮರೆ ಜೀವ ತೆಗೆಯಬಹುದು.

ಹಂತ 10: ಊರಿಗೆ ಕರೆದೊಯ್ಯುವ ಮುನ್ನ

ಬಿಡುಗಡೆಯ ದಿನ ಗೊತ್ತಾದ ಕೂಡಲೇ ಮನೆಯಲ್ಲಿರುವವರಿಗೆ ಫೋನ್ ಮಾಡಿ, ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯ ವಿಡಿಯೋ ಕಳಿಸಲು ಹೇಳಿ. ನಮ್ಮ ಹಳೆಯ ಮನೆಗಳಲ್ಲಿ ಹೊಸ್ತಿಲು ಎತ್ತರ, ನೆಲಕ್ಕೆ ಹಾಸಿದ ಬಂಡೆಗಳು ಏರುತಗ್ಗು, ಶೌಚಾಲಯ ಹಿತ್ತಲಿನಲ್ಲಿ. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಗಟ್ಟಿ ಕಾಲಿನವರೂ ಜಾರುತ್ತಾರೆ. ಆ ವಿಡಿಯೋವನ್ನು ಫಿಜಿಯೋಥೆರಪಿಸ್ಟ್‌ಗೆ ತೋರಿಸಿ. ಹೊಸ್ತಿಲಿಗೆ ಎಷ್ಟು ಉದ್ದದ ಇಳಿಜಾರು ಹಲಗೆ ಬೇಕು, ಹಿಡಿಕೆ ಯಾವ ಗೋಡೆಗೆ ಬರಬೇಕು, ರಾತ್ರಿಗೆ ಕಮೋಡ್ ಕುರ್ಚಿ ಮಂಚದ ಯಾವ ಬದಿಗಿರಬೇಕು ಎಂದು ಅವರು ನೋಡಿ ಹೇಳುತ್ತಾರೆ. ಹಿಡಿಕೆ ಬಲವಿರುವ ಕೈಯ ಬದಿಗೇ ಬರಬೇಕು. ಹೋಗುವಾಗ ಬಲಕ್ಕೆ ಸಿಗುವ ಗೋಡೆ ಬರುವಾಗ ಎಡಕ್ಕಾಗುತ್ತದೆ, ಆದ್ದರಿಂದ ಸಾಧ್ಯವಾದರೆ ಎರಡೂ ಗೋಡೆಗೆ ಹಾಕಿಸಿ. ಗಾರೆ ಒಣಗಲು ಸಮಯ ಬೇಕು, ಗೌಂಡಿಯನ್ನು ರೋಗಿ ಮನೆಗೆ ಬರುವ ಮೊದಲೇ ಕರೆಸಿ.